ಸೇಂಟ್ ಕಿಲ್ಡಾದ ರಾತ್ರಿ: ದೂರು ಕೊಡಬಲ್ಲವರು ಯಾರು?

ಮೆಲ್ಬರ್ನ್ ನಗರದ ನಡುಭಾಗದಲ್ಲಿ 96ನೇ ನಂಬರಿನ ಟ್ರಾಮ್ ಹತ್ತಿದರೆ ಅರ್ಧ ಗಂಟೆಗೆಲ್ಲ ಸೇಂಟ್ ಕಿಲ್ಡಾ ಬಂದುಬಿಡುತ್ತದೆ. ಪೋರ್ಟ್ ಫಿಲಿಪ್ ಕೊಲ್ಲಿಯ ದಂಡೆಯಲ್ಲಿರುವ ಬಡಾವಣೆ. 1912ರಿಂದ ಬಾಯಿ ತೆರೆದುಕೊಂಡೇ ನಿಂತಿರುವ ಲೂನಾ ಪಾರ್ಕಿನ ದೊಡ್ಡ ಮುಖ, ಆಕ್ಲೆಂಡ್ ಸ್ಟ್ರೀಟಿನ ಕೇಕ್ ಅಂಗಡಿಗಳು, ಪಿಯರ್ ತುದಿಯ ಕಲ್ಲುಗಳ ಸಂದಿಯಲ್ಲಿ ಪುಟ್ಟ ಪೆಂಗ್ವಿನ್‌ಗಳು. ಊರಿಂದ ಅಪ್ಪ ಅಮ್ಮ ಬಂದಾಗ ಇಲ್ಲಿನ ಕನ್ನಡಿಗರು ಕರೆದುಕೊಂಡು ಹೋಗಿ ಫೋಟೊ ತೆಗೆಸುವ ಜಾಗವಿದು. ಕತ್ತಲಾದ ಮೇಲೆ ಅದೇ ಬೀದಿಗಳಲ್ಲಿ ಪಬ್‌ಗಳ ಮುಂದೆ ಸಾಲು ಬೆಳೆಯುತ್ತದೆ, ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವರು ಮೊದಲ ಸಲ ಭೇಟಿಯಾಗುತ್ತಾರೆ, ಎರಡು ತಿರುವು ಆಚೆ ಗ್ರೇ ಸ್ಟ್ರೀಟಿನಲ್ಲಿ ಕೆಲವು ಹೆಂಗಸರು ಗಿರಾಕಿಗಾಗಿ ಕಾಯುತ್ತಾರೆ. ವಿಕ್ಟೋರಿಯಾ ರಾಜ್ಯದಲ್ಲಿ ಈಗ ಇದೆಲ್ಲವೂ ಕಾನೂನಿನ ಒಳಗೇ ನಡೆಯುವ ವಿದ್ಯಮಾನ.

ಹೊಸದಾಗಿ ಬಂದ ನಮ್ಮ ಹುಡುಗರು ಇದನ್ನು ಎರಡು ಬಗೆಯಲ್ಲಿ ತೆಗೆದುಕೊಳ್ಳುವುದನ್ನು ನೋಡಿದ್ದೇನೆ. ಕೆಲವರು ಮೂಗು ಮುರಿದು, ಆ ಕಡೆ ತಲೆ ಹಾಕಬಾರದು ಅನ್ನುತ್ತಾರೆ. ಉಳಿದವರು, ಇಲ್ಲಿ ಏನು ಮಾಡಿದರೂ ಕೇಳುವವರಿಲ್ಲ ಅಂದುಕೊಳ್ಳುತ್ತಾರೆ. ಎರಡೂ ತಪ್ಪು, ಮತ್ತು ಎರಡನೆಯದು ಅಪಾಯಕಾರಿ. ಇಲ್ಲಿ ಏನು ಬದಲಾಯಿತು ಅನ್ನುವುದನ್ನು ಅರ್ಥಮಾಡಿಕೊಳ್ಳಲು ನನಗೆ ಕಂಡ ನೇರ ದಾರಿ ಒಂದೇ: ರಾತ್ರಿ ಏನಾದರೂ ಕೆಟ್ಟದ್ದು ನಡೆದರೆ ಹೆದರದೆ ಪೊಲೀಸರ ಹತ್ತಿರ ಹೋಗಬಲ್ಲವರು ಯಾರು ಎಂದು ಕೇಳಿಕೊಳ್ಳುವುದು.

ಹಳೆಯ ಕಾನೂನಿನಿಂದ ಶುರುಮಾಡೋಣ. ವಿಕ್ಟೋರಿಯಾದಲ್ಲಿ ವೇಶ್ಯಾಗೃಹಗಳಿಗೆ ಲೈಸೆನ್ಸ್ ಕೊಡುವ ಪದ್ಧತಿ ದಶಕಗಳಿಂದ ಇತ್ತು. 1994ರ ಕಾಯ್ದೆ ಅದಕ್ಕೆ ಆಧಾರ. ಹೊರಗಿನಿಂದ ನೋಡಿದವರಿಗೆ ಬಹಳ ಉದಾರ ಅನ್ನಿಸುತ್ತಿತ್ತು. ಒಳಗೆ ಮಾತ್ರ ಒಂದೇ ವೃತ್ತಿ ಎರಡು ತುಂಡಾಗಿತ್ತು. ಲೈಸೆನ್ಸ್ ಇದ್ದ ಕಟ್ಟಡದೊಳಗೆ ಕೆಲಸ ಮಾಡಿದರೆ ಸರಿ, ಬೀದಿಯಲ್ಲಿ ನಿಂತರೆ ಅಪರಾಧ. ಒಬ್ಬಳೇ ಸ್ವಂತವಾಗಿ ಕೆಲಸ ಮಾಡುವವಳು ಸರ್ಕಾರಿ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ ನಂಬರ್ ಪಡೆಯಬೇಕು, ಜಾಹೀರಾತಿನಲ್ಲಿ ಆ ನಂಬರ್ ಹಾಕಬೇಕು. ಜಾಹೀರಾತಿನ ಫೋಟೊದಲ್ಲಿ ತಲೆ ಮತ್ತು ಭುಜವಷ್ಟೇ ಕಾಣಬೇಕು, ಯಾವ ಸೇವೆ ಅನ್ನುವುದನ್ನು ಬರೆಯುವಂತಿಲ್ಲ. ಈ ನಿಯಮ ಎಷ್ಟು ವಿಚಿತ್ರ ಎಂದು ಯೋಚಿಸಿ. ತನ್ನ ಗುರುತನ್ನು ಮುಚ್ಚಿಟ್ಟುಕೊಳ್ಳಬೇಕಾದ ಹೆಂಗಸು ಮುಖವನ್ನು ತೋರಿಸಬಹುದು, ಉಳಿದದ್ದನ್ನು ತೋರಿಸುವಂತಿಲ್ಲ. ಏನು ಒಪ್ಪುತ್ತಾಳೆ, ಏನು ಒಪ್ಪುವುದಿಲ್ಲ ಅನ್ನುವುದನ್ನು ಮೊದಲೇ ಸ್ಪಷ್ಟವಾಗಿ ಬರೆದಿಡಲೂ ಆಗದು. ಸ್ವಂತ ಮನೆಗೆ ಗಿರಾಕಿಯನ್ನು ಕರೆಯುವಂತೆಯೂ ಇರಲಿಲ್ಲ. ಅಪರಿಚಿತನ ಮನೆಗೋ ಹೋಟೆಲಿಗೋ ಅವಳೇ ಹೋಗಬೇಕು. ಬಾಗಿಲು ಯಾವ ಕಡೆ, ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ, ಒಂದೂ ಗೊತ್ತಿಲ್ಲದ ಜಾಗಕ್ಕೆ. ರಕ್ಷಣೆಗೆಂದು ಮಾಡಿದ ನಿಯಮವೇ ಅವಳನ್ನು ಅಪಾಯದ ಕಡೆಗೆ ತಳ್ಳುತ್ತಿತ್ತು.

2019ರಲ್ಲಿ ರಾಜ್ಯ ಸರ್ಕಾರ ಇದರ ಪರಿಶೀಲನೆಯನ್ನು ರೀಸನ್ ಪಾರ್ಟಿಯ ಶಾಸಕಿ ಫಿಯೋನಾ ಪ್ಯಾಟನ್ ಅವರಿಗೆ ವಹಿಸಿತು. ಆಮೇಲೆ ಬಂದದ್ದು 2022ರ ಲೈಂಗಿಕ ವೃತ್ತಿ ನಿರಪರಾಧೀಕರಣ ಕಾಯ್ದೆ, ಅಂದರೆ ಈ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಕಾಯ್ದೆ. ಅದು ಎರಡು ಹಂತದಲ್ಲಿ ಜಾರಿಯಾಯಿತು. 2022ರ ಮೇ 10ರಂದು ಬೀದಿಯಲ್ಲಿ ನಿಲ್ಲುವುದು ಬಹುಮಟ್ಟಿಗೆ ಅಪರಾಧವಲ್ಲವಾಯಿತು, ಸ್ವಂತವಾಗಿ ಕೆಲಸ ಮಾಡುವವರ ನೋಂದಣಿ ಹೋಯಿತು. 2023ರ ಡಿಸೆಂಬರ್ 1ರಂದು 1994ರ ಕಾಯ್ದೆಯೇ ರದ್ದಾಗಿ ಲೈಸೆನ್ಸ್ ಪದ್ಧತಿ ಕೊನೆಗೊಂಡಿತು. ಅಲ್ಲಿಂದೀಚೆಗೆ ಕಟ್ಟಡ ಎಲ್ಲಿರಬಹುದು ಅನ್ನುವುದು ಯೋಜನಾ ನಿಯಮಗಳ ವಿಷಯ, ಕೆಲಸದ ಜಾಗದ ಸುರಕ್ಷತೆ ವರ್ಕ್‌ಸೇಫ್ ಇಲಾಖೆಯ ವಿಷಯ, ಆರೋಗ್ಯ ಆರೋಗ್ಯ ಇಲಾಖೆಯದು. ಉಳಿದ ವ್ಯಾಪಾರಗಳಿಗೆ ಇರುವುದೇ ಇದಕ್ಕೂ. ನ್ಯೂ ಸೌತ್ ವೇಲ್ಸ್ ಇದೇ ದಾರಿಯನ್ನು 1995ರಲ್ಲೇ ಹಿಡಿದಿತ್ತು, ನ್ಯೂಜಿಲೆಂಡ್ 2003ರಲ್ಲಿ, ನಾರ್ದರ್ನ್ ಟೆರಿಟರಿ 2019ರಲ್ಲಿ. ಕ್ವೀನ್ಸ್‌ಲ್ಯಾಂಡ್ 2024ರ ಆಗಸ್ಟ್‌ನಲ್ಲಿ ಸೇರಿಕೊಂಡಿತು.

ಹಾಗೆಂದು ಕಾನೂನು ಕೈಕಟ್ಟಿ ಕೂತಿಲ್ಲ. 18 ವರ್ಷದೊಳಗಿನವರು ಈ ಕೆಲಸದಲ್ಲಿ ಇರುವಂತಿಲ್ಲ. ಒಬ್ಬರನ್ನು ಬಲವಂತದಿಂದ ತೊಡಗಿಸುವುದು, ಸಾಲದಲ್ಲಿ ಸಿಲುಕಿಸಿ ದುಡಿಸುವುದು, ಮಾನವ ಸಾಗಣೆ, ಇವೆಲ್ಲ ಮೊದಲಿನಂತೆಯೇ ಘೋರ ಅಪರಾಧ. ಬೀದಿಯ ವಿಷಯದಲ್ಲಿ ಒಂದು ಗಡಿ ಉಳಿದಿದೆ: ಶಾಲೆ, ಶಿಶುಪಾಲನಾ ಕೇಂದ್ರ, ಪ್ರಾರ್ಥನಾ ಮಂದಿರಗಳ ಹತ್ತಿರ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಗಿರಾಕಿ ಹುಡುಕುವುದು ಈಗಲೂ ಅಪರಾಧ. ಗ್ರೇ ಸ್ಟ್ರೀಟಿನಲ್ಲೇ ಸೇಕ್ರೆಡ್ ಹಾರ್ಟ್ ಚರ್ಚ್ ಇರುವುದರಿಂದ ಈ ಸಾಲು ಕಾಗದದ ಮೇಲಷ್ಟೇ ಉಳಿಯುವ ಸಾಲಲ್ಲ. ಗಡಿಯಾರ ನೋಡಿಕೊಂಡೇ ನಿಲ್ಲಬೇಕು. ಅದೇ ಚರ್ಚಿನಿಂದ ಹುಟ್ಟಿದ ಸೇಕ್ರೆಡ್ ಹಾರ್ಟ್ ಮಿಷನ್ ಮನೆಯಿಲ್ಲದವರಿಗೆ ಊಟ ಹಾಕುವುದೂ ಅದೇ ಬೀದಿಯಲ್ಲಿ.

ಕಾಯ್ದೆ ತಂದ ಅತಿ ದೊಡ್ಡ ಬದಲಾವಣೆ ನನ್ನ ಲೆಕ್ಕದಲ್ಲಿ ಬೀದಿಯಲ್ಲಿ ಕಾಣುವಂಥದ್ದಲ್ಲ. ಹೊಡೆತ ತಿಂದವಳು ಠಾಣೆಗೆ ಹೋದಾಗ ಅವಳೇ ಆರೋಪಿಯಾಗುವ ಭಯ ಹೋಯಿತು, ಅದು. ಇಲ್ಲಿ ನಡೆದು ಬಂದ ಚರಿತ್ರೆ ನೋಡಿದರೆ ಇದರ ಬೆಲೆ ತಿಳಿಯುತ್ತದೆ. 1980ರ ದಶಕದಲ್ಲಿ ವಿಕ್ಟೋರಿಯಾದ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ ‘ಅಗ್ಲಿ ಮಗ್ಸ್’ ಅನ್ನುವ ಒಂದು ಪಟ್ಟಿ ಶುರುಮಾಡಿತು. ಯಾವ ಕಾರು, ಯಾವ ಬಣ್ಣ, ನಂಬರ್ ಪ್ಲೇಟಿನ ಎಷ್ಟು ಅಕ್ಷರ ನೆನಪಿದೆ, ಆಳು ಹೇಗಿದ್ದ, ಏನು ಮಾಡಿದ ಎಂದು ಬರೆದು ಒಬ್ಬರಿಂದ ಒಬ್ಬರಿಗೆ ಹಂಚುವುದು. ಪೊಲೀಸರಿಗೆ ಹೇಳಲಾಗದ್ದನ್ನು ತಮ್ಮತಮ್ಮಲ್ಲೇ ಹೇಳಿಕೊಂಡು ಜೀವ ಉಳಿಸಿಕೊಳ್ಳುವ ವ್ಯವಸ್ಥೆ. ಆ ಐಡಿಯಾ ಮುಂದೆ ಬ್ರಿಟನ್ನಿಗೂ ಹೋಯಿತು.

2002ರಲ್ಲಿ ರಾಜ್ಯ ಸರ್ಕಾರವೇ ನೇಮಿಸಿದ್ದ ಸಲಹಾ ಸಮಿತಿ, ಸೇಂಟ್ ಕಿಲ್ಡಾದಲ್ಲಿ ಬಂಧನದ ಭಯವಿಲ್ಲದೆ ನಿಲ್ಲಬಹುದಾದ ಕೆಲವು ಜಾಗಗಳನ್ನು ಪ್ರಯೋಗಕ್ಕಾಗಿ ಗುರುತಿಸಿ ಎಂದು ಶಿಫಾರಸು ಮಾಡಿತ್ತು. ಅದು ಚುನಾವಣೆಯ ವರ್ಷ. ಸ್ಥಳೀಯರ ವಿರೋಧ ಎದ್ದಿತು, ಸರ್ಕಾರ ಹಿಂದೆ ಸರಿಯಿತು. ನಿವಾಸಿಗಳ ಸಿಟ್ಟಿನಲ್ಲೂ ಹುರುಳಿತ್ತು ಅನ್ನಬೇಕು. ಇಲ್ಲಿನವರ ಬಾಯಲ್ಲಿ ‘ಗಟರ್ ಕ್ರಾಲರ್’ ಎಂದು ಕರೆಸಿಕೊಳ್ಳುವ ಗಂಡಸರು ರಾತ್ರಿಯೆಲ್ಲ ಕಾರನ್ನು ನಿಧಾನಕ್ಕೆ ಓಡಿಸುತ್ತಾ, ಟ್ರಾಮ್ ಇಳಿದು ಮನೆಗೆ ಹೋಗುವ ಹೆಣ್ಣುಮಕ್ಕಳನ್ನೆಲ್ಲ ಎಷ್ಟು ಎಂದು ಕೇಳುತ್ತಿದ್ದರೆ ಯಾರಿಗೆ ಸಹ್ಯವಾಗುತ್ತದೆ? ಆದರೆ ಬೀದಿಯ ಹೆಂಗಸನ್ನು ಹಿಡಿದು ದಂಡ ಹಾಕಿದ್ದರಿಂದ ಅದು ನಿಲ್ಲಲಿಲ್ಲ. ದಂಡ ಕಟ್ಟಲು ಅವಳು ಮತ್ತೆ ಅದೇ ಬೀದಿಗೆ ಬರುತ್ತಿದ್ದಳು. ಪೊಲೀಸರ ಕಣ್ಣು ತಪ್ಪಿಸಲು ಗಡಿಬಿಡಿಯಲ್ಲಿ ಕಾರು ಹತ್ತುವಾಗ, ಒಳಗಿರುವವನ ಮುಖವನ್ನು ಸರಿಯಾಗಿ ನೋಡಿ ಬೇಡ ಅನ್ನಲು ಸಮಯವೇ ಸಿಗುತ್ತಿರಲಿಲ್ಲ. 2013ರ ಜುಲೈಯಲ್ಲಿ ಇಲ್ಲಿ ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆ, ತನ್ನ ಮನೆಯೂ ಆಗಿದ್ದ ವ್ಯಾನಿನೊಳಗೆ ಕೊಲೆಯಾದಳು. ಆಕೆಗಾಗಿ ಮೇಣದಬತ್ತಿ ಹಿಡಿದು ಸೇರಿದವರಲ್ಲಿ ಆ ಬೀದಿಗಳ ನಿವಾಸಿಗಳೂ ಇದ್ದರು.

ಕಾನೂನು ಸರಿಹೋಯಿತು ಎಂದರೆ ಗ್ರೇ ಸ್ಟ್ರೀಟ್ ಸರಿಹೋಯಿತು ಎಂದಲ್ಲ. ಫಿಟ್ಜ್‌ರಾಯ್ ಸ್ಟ್ರೀಟಿನಲ್ಲಿ ಗ್ಯಾಟ್‌ವಿಕ್ ಎಂಬ ಹಳೆಯ ವಸತಿಗೃಹವಿತ್ತು. ಬೇರೆಲ್ಲೂ ಬಾಡಿಗೆಗೆ ಸಿಗದವರಿಗೆ, ಮಾದಕ ವ್ಯಸನಿಗಳಿಗೆ, ಜೈಲಿನಿಂದ ಹೊರಬಂದವರಿಗೆ, ಬೀದಿಯ ಹೆಂಗಸರಿಗೆ ಅಲ್ಲಿ ಕೋಣೆ ಸಿಗುತ್ತಿತ್ತು. ಗಲಾಟೆಗೆ ಹೆಸರಾದ ಜಾಗ, ಅದರ ಬಗ್ಗೆ ಅಕ್ಕಪಕ್ಕದವರ ದೂರು ಸುಳ್ಳಲ್ಲ. 2017ರಲ್ಲಿ ಅದು ಮುಚ್ಚಿತು. ಒಂದು ಟಿ.ವಿ. ವಾಹಿನಿ ಕಟ್ಟಡವನ್ನು ಕೊಂಡು ರಿಯಾಲಿಟಿ ಶೋದಲ್ಲಿ ಅದನ್ನು ಐಷಾರಾಮಿ ಅಪಾರ್ಟ್‌ಮೆಂಟ್‌ಗಳಾಗಿ ಬದಲಾಯಿಸಿ, 2018ರಲ್ಲಿ ಹರಾಜು ಹಾಕಿತು. ಬೀದಿಯಲ್ಲಿ ನಿಲ್ಲುವ ಹೆಂಗಸು ಇವತ್ತು ಅಪರಾಧಿಯಲ್ಲ, ನಿಜ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಕೆಲಸ ಮುಗಿಸಿ ಎಲ್ಲಿಗೆ ಹೋಗುತ್ತಾಳೆ? ಈ ಪ್ರಶ್ನೆಗೆ 2022ರ ಕಾಯ್ದೆಯಲ್ಲಿ ಉತ್ತರವಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ನಿರಪರಾಧೀಕರಣ ವಿಫಲವಾಯಿತು ಎಂದು ಗ್ರೇ ಸ್ಟ್ರೀಟನ್ನು ತೋರಿಸಿ ವಾದಿಸುವವರು ಬಾಡಿಗೆಯ ತಪ್ಪನ್ನು ತಂದು ಕಾನೂನಿನ ತಲೆಗೆ ಕಟ್ಟುತ್ತಿದ್ದಾರೆ.

ಇನ್ನು ಈ ವೃತ್ತಿಗೆ ಸಂಬಂಧವೇ ಇಲ್ಲದ, ಸುಮ್ಮನೆ ಶನಿವಾರ ರಾತ್ರಿ ಹೊರಗೆ ಹೋಗುವವರ ಮಾತು. ಬಾಗಿಲಲ್ಲಿ ನಿಂತ ಬೌನ್ಸರ್ ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್ ನೋಡುತ್ತಾನೆ. ಆಮೇಲೆ ಒಂದು ಕ್ಷಣ ಕಣ್ಣನ್ನು ನೋಡುತ್ತಾನೆ, ಇವತ್ತು ಎಷ್ಟು ಕುಡಿದಿದ್ದೀಯ ಎಂದು ಮಾಮೂಲಿಯಾಗಿ ಕೇಳುತ್ತಾನೆ. ಅದು ಕುಶಲೋಪರಿ ಅಲ್ಲ. ಮಾತು ತೊದಲಿದರೆ ಒಳಗೆ ಬಿಡುವುದಿಲ್ಲ, ಏಕೆಂದರೆ ಅಮಲೇರಿದವರಿಗೆ ಮದ್ಯ ಕೊಟ್ಟರೆ ಪಬ್‌ಗೇ ದಂಡ. ಹೊರಗೆ ಹೋಗು ಎಂದಮೇಲೆ ಅಲ್ಲೇ ವಾದ ಮಾಡುತ್ತಾ ನಿಲ್ಲುವುದೂ ಅಪರಾಧ. ಬರೀ ಕುಡಿದು ಬೀದಿಯಲ್ಲಿ ಓಲಾಡುವುದು ಮಾತ್ರ 2023ರ ನವೆಂಬರ್ 7ರಿಂದ ಇಲ್ಲಿ ಅಪರಾಧವಲ್ಲ. ಅದನ್ನು ಈಗ ಆರೋಗ್ಯದ ವಿಷಯವೆಂದು ನೋಡುತ್ತಾರೆ. ಮನೆಗೆ ಮರಳುವುದನ್ನು ಮೊದಲೇ ಯೋಚಿಸಿಡಿ. ಶುಕ್ರವಾರ, ಶನಿವಾರ 96ನೇ ಟ್ರಾಮ್ ರಾತ್ರಿಯಿಡೀ ಓಡುತ್ತದೆ, ವೆರಿಬೀ ಮತ್ತು ಕ್ಲೇಟನ್ ಕಡೆಯ ಮೆಟ್ರೊ ರೈಲುಗಳೂ ಓಡುತ್ತವೆ. ಟಾರ್ನೀಟ್‌ನಲ್ಲಿ ಮನೆ ಮಾಡಿರುವ ನಮ್ಮವರಿಗೆ ಮಾತ್ರ ಆ ಸೌಕರ್ಯವಿಲ್ಲ. ಅಲ್ಲಿಗೆ ಹೋಗುವುದು ಹೊರ ಊರುಗಳಿಗೆ ಓಡುವ ವಿ-ಲೈನ್ ರೈಲು.

ಪಬ್‌ಗಿಂತ ಹೆಚ್ಚು ಎಚ್ಚರ ಬೇಕಾದದ್ದು ಫೋನಿನೊಳಗೆ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಮಿನಾಲಜಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಡೇಟಿಂಗ್ ಆ್ಯಪ್ ಬಳಸುವ ಸುಮಾರು 10,000 ಜನ ಉತ್ತರಿಸಿದ್ದರು. ಅವರಲ್ಲಿ ಸುಮಾರು ನಾಲ್ಕನೇ ಮೂರು ಭಾಗ ಜನ ಹಿಂದಿನ ಐದು ವರ್ಷಗಳಲ್ಲಿ ಆ್ಯಪ್ ಮೂಲಕ ಕಿರುಕುಳದಿಂದ ಹಿಡಿದು ದೌರ್ಜನ್ಯದವರೆಗೆ ಏನಾದರೊಂದನ್ನು ಎದುರಿಸಿದ್ದರು. 2024ರ ಅಕ್ಟೋಬರ್‌ನಿಂದ ಆ್ಯಪ್ ಕಂಪನಿಗಳು ತಾವೇ ಒಪ್ಪಿಕೊಂಡ ನೀತಿಸಂಹಿತೆಯೊಂದು ಜಾರಿಯಲ್ಲಿದೆ. ಸುಳ್ಳು ಪ್ರೊಫೈಲ್ ಹಾಕಿ ಗೇ ಹುಡುಗರನ್ನು ಕರೆಸಿಕೊಂಡು ಹೊಡೆದು ದೋಚಿದ ಸರಣಿ ಪ್ರಕರಣಗಳಲ್ಲಿ ವಿಕ್ಟೋರಿಯಾ ಪೊಲೀಸರು 30ಕ್ಕೂ ಹೆಚ್ಚು ಜನರನ್ನು ಬಂಧಿಸಿದ್ದೂ ಆ ಅಕ್ಟೋಬರ್‌ನ ನಂತರವೇ. ಮನೆಯಲ್ಲಿ ಹೇಳಿಕೊಂಡಿರದವರು ದೂರು ಕೊಡುವುದಿಲ್ಲ ಅನ್ನುವುದೇ ಅಂಥ ಗುಂಪುಗಳ ಧೈರ್ಯ.

ಸಮ್ಮತಿಯ ಬಗ್ಗೆ ಇಲ್ಲಿನ ಕಾನೂನು 2023ರ ಜುಲೈ 30ರಿಂದ ಬಿಗಿಯಾಗಿದೆ, ಇದನ್ನು ಪ್ರತಿಯೊಬ್ಬ ಹುಡುಗನೂ ಹಾಸ್ಟೆಲಿಗೆ ಸಾಮಾನು ಇಳಿಸುವ ಮೊದಲೇ ತಿಳಿದಿರಬೇಕು. ಎದುರಿನವರು ಬೇಡ ಅನ್ನಲಿಲ್ಲ, ಅದಕ್ಕೇ ಒಪ್ಪಿಗೆ ಅಂದುಕೊಂಡೆ ಅನ್ನುವ ಮಾತು ನಡೆಯುವುದಿಲ್ಲ. ಒಪ್ಪಿಗೆ ಇದೆಯೇ ಎಂದು ತಿಳಿಯಲು ನೀವೇ ಏನಾದರೂ ಕೇಳಿರಬೇಕು ಅಥವಾ ಮಾಡಿರಬೇಕು. ಹೆದರಿ ಮರಗಟ್ಟಿ ಸುಮ್ಮನಾದವರು ಒಪ್ಪಿದಂತೆ ಅಲ್ಲ, ನಿದ್ದೆಯಲ್ಲಿರುವವರು, ಎಚ್ಚರ ತಪ್ಪುವಷ್ಟು ಕುಡಿದವರು ಒಪ್ಪಲು ಸಾಧ್ಯವೇ ಇಲ್ಲ. ಒಪ್ಪಿದವರು ನಡುವೆ ಮನಸ್ಸು ಬದಲಾಯಿಸಬಹುದು. ಕಾಂಡೋಮ್ ಬಳಸುತ್ತೇನೆಂದು ಹೇಳಿ ಗೊತ್ತಾಗದಂತೆ ತೆಗೆದುಹಾಕುವುದನ್ನು ಕಾನೂನು ಹೆಸರಿಸಿಯೇ ಅಪರಾಧ ಎಂದಿದೆ. ಅತ್ಯಾಚಾರಕ್ಕೆ ಗರಿಷ್ಠ ಶಿಕ್ಷೆ 25 ವರ್ಷ. ಅದೇ ಕಾನೂನಿನಲ್ಲಿ ಇನ್ನೊಂದು ಅಂಶವಿದೆ: ಹಣ ಕೊಡುತ್ತೇನೆಂದು ಸುಳ್ಳು ಹೇಳಿ ಲೈಂಗಿಕ ಸೇವೆ ಪಡೆದರೆ ಅಲ್ಲಿ ಸಮ್ಮತಿಯೇ ಇರಲಿಲ್ಲ ಎಂದು ಪರಿಗಣಿಸಲಾಗುತ್ತದೆ. ಇದು ಬಾಕಿ ವಸೂಲಿಯ ವ್ಯಾಜ್ಯವಲ್ಲ, ಲೈಂಗಿಕ ಅಪರಾಧ. ದುಡ್ಡು ಕೊಟ್ಟಮೇಲೆ ಏನು ಬೇಕಾದರೂ ಕೇಳಬಹುದು ಅಂದುಕೊಂಡವರಿಗೂ ಇದೇ ಉತ್ತರ. ಮಾತಾದದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕಿದ್ದರೂ ಮತ್ತೆ ಕೇಳಬೇಕು. ಅವಳು ಯಾವ ಕ್ಷಣದಲ್ಲೂ ಆಗುವುದಿಲ್ಲ ಅನ್ನಬಹುದು. ಚೌಕಾಸಿ ಮಾಡುವುದು, ಕುಡಿದು ಹೋಗುವುದು, ಕದ್ದು ವಿಡಿಯೊ ಮಾಡುವುದು, ನಿಜವಾದ ಹೆಸರು ಕೆದಕುವುದು, ಇವೆಲ್ಲ ಒಬ್ಬ ಮನುಷ್ಯಳಿಗೆ ಮಾಡುವ ಅವಮಾನ. ಕದ್ದು ವಿಡಿಯೊ ಮಾಡಿದರಂತೂ ಪ್ರಕರಣ ಗ್ಯಾರಂಟಿ.

ನಮ್ಮ ಹುಡುಗರು ಹೆಚ್ಚಾಗಿ ಸಿಕ್ಕಿಬೀಳುವುದು ಇದರ ಇನ್ನೊಂದು ತುದಿಯಲ್ಲಿ. ಒಂದು ರಾತ್ರಿ ಒಬ್ಬ ವಿದ್ಯಾರ್ಥಿ ನನಗೆ ಫೋನ್ ಮಾಡಿದ. ಆ್ಯಪ್‌ನಲ್ಲಿ ಪರಿಚಯ, ಎರಡೇ ದಿನದಲ್ಲಿ ವಿಡಿಯೊ ಕಾಲ್, ಆ ಕಡೆಯವರು ರೆಕಾರ್ಡ್ ಮಾಡಿಕೊಂಡಿದ್ದಾರೆ, ಈಗ ಹಣ ಕೊಡದಿದ್ದರೆ ಕುಟುಂಬದ ವಾಟ್ಸ್ಯಾಪ್ ಗ್ರೂಪಿಗೆ ಹಾಕುತ್ತೇವೆ ಅನ್ನುತ್ತಿದ್ದಾರೆ. “ಅಣ್ಣಾ, ಅಪ್ಪಂಗೆ ಗೊತ್ತಾದ್ರೆ ನಾನು ಊರಿಗೆ ಹೋಗೋ ಹಾಗೇ ಇಲ್ಲ,” ಎಂದ. ಪೊಲೀಸರಿಗೆ ಹೇಳೋಣ ಎಂದರೆ, “ವೀಸಾಗೆ ಏನಾದ್ರೂ ತೊಂದ್ರೆ ಆಗತ್ತಾ?” ಎಂದು ಕೇಳಿದ. ಮೋಸಹೋದವನು ಅವನು, ಆದರೂ ತಾನೇ ಅಪರಾಧಿ ಎಂಬಂತೆ ಗಂಟಲು ಬಿಗಿದಿತ್ತು. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟು: ಒಂದು ಡಾಲರ್ ಕೂಡ ಕಳಿಸಬಾರದು, ಕಳಿಸಿದರೆ ಬೇಡಿಕೆ ಏರುತ್ತಲೇ ಹೋಗುತ್ತದೆ. ಮಾತು ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆ್ಯಪ್‌ಗೆ ವರದಿ ಮಾಡಿ, ಪೊಲೀಸರಿಗೆ ಅಥವಾ ಆನ್‌ಲೈನ್ ಅಪರಾಧಗಳ ದೂರಿಗೆಂದೇ ಇರುವ ಸರ್ಕಾರಿ ತಾಣ ರಿಪೋರ್ಟ್‌ಸೈಬರ್‌ಗೆ ದೂರು ಕೊಡಬೇಕು. ಚಿತ್ರಗಳು ಹರಿದಾಡಿದರೆ ತೆಗೆಸಲು ಇ-ಸೇಫ್ಟಿ ಕಮಿಷನರ್ ಕಚೇರಿ ಇದೆ. ಲೈಂಗಿಕ ದೌರ್ಜನ್ಯವಾಗಿದ್ದರೆ 1800 737 732ಕ್ಕೆ ಹಗಲೂ ರಾತ್ರಿ ಕರೆ ಮಾಡಬಹುದು, ತಕ್ಷಣದ ಅಪಾಯಕ್ಕೆ 000. ಆರೋಗ್ಯದ ಭಯಕ್ಕೆ ಕಾರ್ಲ್‌ಟನ್‌ನಲ್ಲಿ ಮೆಲ್ಬರ್ನ್ ಲೈಂಗಿಕ ಆರೋಗ್ಯ ಕೇಂದ್ರವಿದೆ. ಸರ್ಕಾರಿ ಆರೋಗ್ಯ ವಿಮೆಯ ಮೆಡಿಕೇರ್ ಕಾರ್ಡ್ ಇಲ್ಲದ ವಿದ್ಯಾರ್ಥಿಗೂ ಅಲ್ಲಿ ಪರೀಕ್ಷೆ ಉಚಿತ. ಎಚ್ಐವಿ ಸೋಂಕಿನ ಸಂದೇಹವಿದ್ದರೆ ತಡೆ ಔಷಧವನ್ನು 72 ಗಂಟೆಯೊಳಗೆ ಶುರುಮಾಡಬೇಕು. ನಾಚಿಕೆಯಲ್ಲಿ ದಿನ ತಳ್ಳುತ್ತಾ ಕೂತರೆ ಆ ಗಂಟೆಗಳು ಮುಗಿದೇ ಹೋಗುತ್ತವೆ.

ಆ ಹುಡುಗನ ವೀಸಾ ಭಯ ಅವನೊಬ್ಬನದಲ್ಲ. ವಿದೇಶದಿಂದ ಬಂದು ಇಲ್ಲಿ ಲೈಂಗಿಕ ವೃತ್ತಿಯಲ್ಲಿರುವವರನ್ನು ಅದು ಇನ್ನೂ ಗಟ್ಟಿಯಾಗಿ ಹಿಡಿದಿದೆ. ರಾಜ್ಯದ ಕಾನೂನು ಇದನ್ನು ಕೆಲಸ ಎಂದು ಒಪ್ಪಿದೆ, 2022ರ ತಿದ್ದುಪಡಿಯಿಂದ ವೃತ್ತಿಯ ಕಾರಣಕ್ಕೆ ಮನೆ ಬಾಡಿಗೆ ಕೊಡದೆ ತಾರತಮ್ಯ ಮಾಡುವುದನ್ನೂ ತಡೆದಿದೆ. ಆದರೆ ವೀಸಾ ಕ್ಯಾನ್‌ಬೆರಾದ ಕೇಂದ್ರ ಸರ್ಕಾರದ ಕೈಯಲ್ಲಿದೆ. ವಿದ್ಯಾರ್ಥಿ ವೀಸಾದವರು ಕ್ಲಾಸ್ ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ಮಿತಿ ದಾಟಿದ ಯಾರೇ ಆಗಲಿ, ಮಾಲೀಕ ಕೂಲಿ ಕೊಡದಿದ್ದರೂ ಗಿರಾಕಿ ಹೊಡೆದರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ನ್ಯೂಜಿಲೆಂಡಿನ 2003ರ ಕಾನೂನು ತಾತ್ಕಾಲಿಕ ವೀಸಾದವರಿಗೆ ಈ ವೃತ್ತಿಯನ್ನೇ ನಿಷೇಧಿಸಿದೆ. ಅಂದರೆ ಅಲ್ಲಿ ವಲಸೆ ಬಂದವಳು ಹಳೆಯ ವಿಕ್ಟೋರಿಯಾದಲ್ಲೇ ಬದುಕುತ್ತಿದ್ದಾಳೆ. ವಿಕ್ಟೋರಿಯಾದ ವಿಕ್ಸೆನ್, ರಾಷ್ಟ್ರಮಟ್ಟದ ಸ್ಕಾರ್ಲೆಟ್ ಅಲಯನ್ಸ್ ಮೊದಲಾದ ಲೈಂಗಿಕ ಕಾರ್ಯಕರ್ತರದೇ ಸಂಘಟನೆಗಳು ಮುಖ್ಯವಾಗುವುದು ಇಂಥ ಕಡೆ. ಪೊಲೀಸರಿಗೆ ಹೇಳಲು ಹೆದರುವವಳು ಇದೇ ಕೆಲಸ ಮಾಡುವ ಇನ್ನೊಬ್ಬಳಿಗೆ ಹೇಳಬಲ್ಲಳು.

ವಿಕ್ಟೋರಿಯಾದಲ್ಲಿ ಮೊದಲ ಹಂತ ಜಾರಿಯಾದದ್ದು 2022ರ ಮೇ 10. ಒಂಬತ್ತು ದಿನಗಳ ಮೇಲೆ, ಮೇ 19ರಂದು, ಭಾರತದ ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಆದೇಶ ಹೊರಡಿಸಿತು: ಲೈಂಗಿಕ ಕಾರ್ಯಕರ್ತೆಯ ಮೇಲೆ ದೌರ್ಜನ್ಯ ನಡೆದರೆ ಉಳಿದ ಸಂತ್ರಸ್ತೆಯರಿಗೆ ಸಿಗುವ ಎಲ್ಲ ನೆರವೂ ಅವಳಿಗೆ ಸಿಗಬೇಕು, ಪೊಲೀಸರು ಅವಳನ್ನು ಘನತೆಯಿಂದ ನಡೆಸಿಕೊಳ್ಳಬೇಕು, ಅವಳ ಬಳಿ ಕಾಂಡೋಮ್ ಇರುವುದನ್ನು ಅಪರಾಧಕ್ಕೆ ಸಾಕ್ಷಿ ಎಂದು ತೋರಿಸಬಾರದು. ಬೆಂಗಳೂರಿನ ಸಾಧನಾ ಮಹಿಳಾ ಸಂಘ, ಮೈಸೂರಿನ ಆಶೋದಯ ಸಮಿತಿಯಲ್ಲಿ ಸಂಘಟಿತರಾಗಿರುವ ಹೆಣ್ಣುಮಕ್ಕಳ ಪಾಲಿಗೆ ಇದು ಸಣ್ಣ ಆದೇಶವಲ್ಲ. ಆದರೆ ಭಾರತದ 1956ರ ಅನೈತಿಕ ಸಾಗಣೆ ತಡೆ ಕಾಯ್ದೆ ಹಾಗೇ ಇದೆ. ಅದರ 8ನೇ ಕಲಂ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದು ಈಗಲೂ ಅಪರಾಧ. ಮೆಜೆಸ್ಟಿಕ್ಕಿನಲ್ಲಿ ನಿಂತವಳು ಪೆಟ್ಟು ತಿಂದು ಠಾಣೆಗೆ ಹೋದರೆ, ರಾತ್ರಿ ಹತ್ತು ಗಂಟೆಗೆ ಅಲ್ಲೇಕೆ ನಿಂತಿದ್ದೆ ಅನ್ನುವ ಮೊದಲ ಪ್ರಶ್ನೆಗೆ ಉತ್ತರಿಸಿದ ಕೂಡಲೇ ಅವಳ ಮೇಲೇ ಕೇಸು ಹಾಕಲು ಕಾನೂನಿನಲ್ಲಿ ಜಾಗವಿದೆ.